ಅಂಗೈಯ ಗೆರೆ ಕಾಣುವಷ್ಟು ಬೆಳಕು

ಜೂನ್ 24, ಮಂಗಳವಾರ

ಶ್ರಾವಿಕಾ ಶಿರೋಮಣಿ ಅನಂತಮತಿಯವರು ಇಂದು ಪೂರ್ವಾಹ್ನ ಮಂಗಳೂರಿನ ಆಸ್ಪತ್ರೆಯಿಂದ ಮೂಡುಬಿದಿರೆಯ ಸ್ವಗೃಹಕ್ಕೆ ಚಿತ್ತೈಸಿದರು. ಕೊರಳಲ್ಲಿ ಹಾರದ ಬದಲು ಬಿಳಿ ಪಟ್ಟಿ. ವರ್ಷಗಳಿಂದ ಗಂಟು ಕಟ್ಟಿಕೊಂಡು ಕೊನೆಗೆ ಅನ್ನ ನುಂಗುವುದಕ್ಕೂ ಅಡ್ಡ ನಿಂತಿದ್ದ ಥೈರಾಯ್ಡ್ ಗ್ರಂಥಿಯನ್ನು ಪೂರ್ತಿ ತೆಗೆದದ್ದಾಯಿತು. ಪತಿಯೂ ಪ್ರಾಣಿಶಾಸ್ತ್ರದ ಉಪನ್ಯಾಸಕನೂ ಆದ ಚಂದ್ರರಾಜನು, ಅಂದರೆ ಈ ದಿನಚರಿಯ ಏಕೈಕ ಲೇಖಕನೂ ಏಕೈಕ ಓದುಗನೂ, ಒಂದು ಕೈಯಲ್ಲಿ ಫ್ಲಾಸ್ಕ್, ಇನ್ನೊಂದರಲ್ಲಿ ಬಟ್ಟೆಯ ಚೀಲ ಹಿಡಿದು ಹಿಂಬಾಲಿಸಿದನು.

ಬಂದವಳು ಮಲಗಬೇಕು ತಾನೆ? ಇಲ್ಲ. ಮೊದಲು ಅಡುಗೆಮನೆಯ ತಪಾಸಣೆ. ಕಸದ ಬುಟ್ಟಿಯ ತಳದಲ್ಲಿ ಎಣ್ಣೆ ಹಿಡಿದ ಕಾಗದವೊಂದು ಸಿಕ್ಕಿತು. ಅದರಲ್ಲಿ ಬಟಾಟೆ ಬೋಂಡ ಇತ್ತೆಂಬುದನ್ನು ವಾಸನೆಯಿಂದಲೇ ಸಾಬೀತುಪಡಿಸಿದಳು. ನೆಲದಡಿ ಬೆಳೆಯುವ ಯಾವುದೂ ಈ ಮನೆಯ ಹೊಸ್ತಿಲು ದಾಟಿದ್ದಿಲ್ಲ. ದಾಟಿಸಿದ ಮೊದಲ ಅಪರಾಧಿ ನಾನು. ಸ್ವರ ಇನ್ನೂ ಎದ್ದಿಲ್ಲವಾದ್ದರಿಂದ ಬೈಗುಳವೆಲ್ಲ ಪಿಸುಮಾತಿನಲ್ಲಿ ನಡೆಯಿತು. ಹಾಗೆ ಬೈಸಿಕೊಳ್ಳುವುದರಲ್ಲಿ ಒಂದು ಸುಖ ಉಂಟು, ಪಕ್ಕದ ಮನೆಗೆ ಕೇಳುವುದಿಲ್ಲ.

ಸಂಜೆ ಜಗಲಿಯಲ್ಲಿ ಕುಳಿತು ಎಂದಿನಂತೆ ಬಲಗೈ ಚಾಚಿ ಅಂಗೈ ನೋಡಿಕೊಂಡಳು. ಇದು ಅವಳ ಗಡಿಯಾರ. ಅಂಗೈಯ ಗೆರೆ ಕಾಣುವಷ್ಟು ಬೆಳಕು ಹೊರಗಿದ್ದರೆ ಊಟ. ಗೆರೆ ಅಳಿಸಿತೋ, ಮರುದಿನ ಬಸದಿಗೆ ಹೋಗಿ ಬರುವ ತನಕ ನೀರೂ ಇಲ್ಲ. ನಾರಾವಿಯ ತವರಿನಲ್ಲಿ, ಲಂಗ ಹಾಕುವ ವಯಸ್ಸಿನಲ್ಲಿ, ಅಜ್ಜಿಯ ಪಕ್ಕ ನಿಂತು ತೆಗೆದುಕೊಂಡ ನೇಮ. ಮದುವೆಯಾಗಿ ಬಂದಾಗ ಅವಳ ಗಂಡ ಟಿವಿ ವಾರ್ತೆಯ ಮುಂದೆ ಕುಳಿತು ಉಣ್ಣುವ ನಿಶಾಚರ ಎಂದು ತಿಳಿದು ಮೂರು ದಿನ ಮಾತಾಡಿರಲಿಲ್ಲ. ಆಮೇಲೆ ಒಪ್ಪಂದವಾಯಿತು. ಅವಳು ಸೂರ್ಯನ ಒಟ್ಟಿಗೆ, ನಾನು ವಾರ್ತೆಯ ಒಟ್ಟಿಗೆ.

ಇಂದು ಗೆರೆ ಕಂಡಿತು. ಗಂಜಿ ಕುಡಿದಳು. ಸಲೀಸಾಗಿ ನುಂಗಿದಳು.

ಜೂನ್ 26, ಗುರುವಾರ

ಸಲೀಸು ಎಂದು ಬರೆದದ್ದಕ್ಕೆ ದಂಡ.

ಬೆಳಿಗ್ಗೆ ಅಕ್ಕಿ ಆರಿಸುತ್ತಿದ್ದವಳು ಸುಮ್ಮನೆ ಕೈ ಎತ್ತಿ ತೋರಿಸಿದಳು. ಮಣಿಕಟ್ಟು ಬಾಗಿದೆ, ಬೆರಳುಗಳೆಲ್ಲ ನೆಟ್ಟಗೆ ಒಟ್ಟುಗೂಡಿವೆ, ಹೆಬ್ಬೆರಳು ಒಳಗೆ ಸೇರಿದೆ. ಬಸದಿಯಲ್ಲಿ ಅಕ್ಷತೆ ಅರ್ಪಿಸುವಾಗ ಹಿಡಿಯುತ್ತಾಳಲ್ಲ, ಹಾಗೆಯೇ. ಬಿಡಿಸಲು ಹೋದರೆ ಬರುವುದಿಲ್ಲ. "ಯಾರೋ ಒಳಗಿನಿಂದ ಎಳೀತಾರೆ" ಎಂದಳು.

ನಮ್ಮ ಕಾಲೇಜಿನ ರಸಾಯನಶಾಸ್ತ್ರದ ರವೂಫ್ ಕಾರು ತಂದ. ಮತ್ತೆ ಮಂಗಳೂರು. ಡಾ. ಹರ್ಷಿತಾ ಎಂಬ ಎಳೆಯ ಪ್ರಾಯದ ವೈದ್ಯೆ ರಕ್ತನಾಳಕ್ಕೆ ಕ್ಯಾಲ್ಸಿಯಂ ಬಿಟ್ಟರು. ನೋಡನೋಡುತ್ತಿದ್ದಂತೆ ಬೆರಳುಗಳು ಒಂದೊಂದಾಗಿ ಸಡಿಲಿದವು. ತರಗತಿಯಲ್ಲಿ ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದ ಪಾಠ ಹೆಂಡತಿಯ ಕೈಯಲ್ಲಿ ನಡೆಯುವುದನ್ನು ನೋಡಿದೆ. ಚಪ್ಪಾಳೆ ತಟ್ಟಬೇಕೆನಿಸಿತು, ನಾಚಿಕೆಯೂ ಆಯಿತು.

ಥೈರಾಯ್ಡಿನ ಬೆನ್ನಿಗೆ ಅಕ್ಕಿಕಾಳಿನ ಗಾತ್ರದ ನಾಲ್ಕು ಗ್ರಂಥಿಗಳು ಅಂಟಿಕೊಂಡಿರುತ್ತವೆ. ರಕ್ತದಲ್ಲಿ ಕ್ಯಾಲ್ಸಿಯಂ ಎಷ್ಟಿರಬೇಕೆಂದು ನೋಡಿಕೊಳ್ಳುವ ಮೇಸ್ತ್ರಿಗಳು. ಕಡಿಮೆಯಾದರೆ ಎಲುಬಿನಿಂದ ತರಿಸುತ್ತವೆ, ಹೆಚ್ಚಾದರೆ ಸುಮ್ಮನಿರುತ್ತವೆ. ಎಷ್ಟು ಜಾಗ್ರತೆಯಿಂದ ಕತ್ತರಿ ಆಡಿಸಿದರೂ ಕೆಲವರಲ್ಲಿ ಅವು ಮುನಿಸಿಕೊಳ್ಳುವುದುಂಟು, ಕೆಲವು ತಿಂಗಳಲ್ಲಿ ಮತ್ತೆ ಎಚ್ಚರಾಗುವುದೂ ಉಂಟು ಎಂದರು ವೈದ್ಯೆ. ಅಲ್ಲಿಯವರೆಗೆ ಮೇಸ್ತ್ರಿ ಕೆಲಸ ನಮ್ಮದು. ಮಾತ್ರೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮತ್ತೆ ರಾತ್ರಿ ಮಲಗುವ ಮುಂಚೆ.

ರಾತ್ರಿ ಎಂಬ ಶಬ್ದ ಕೇಳಿ ಶ್ರಾವಿಕಾ ಶಿರೋಮಣಿಯವರು ನನ್ನ ಮುಖ ನೋಡಿದರು. ನಾನು ಫ್ಯಾನ್ ನೋಡಿದೆ.

ಜುಲೈ 9, ಬುಧವಾರ

ಎರಡು ವಾರ ರಾತ್ರಿಯ ಮಾತ್ರೆ ನುಂಗಿದಳು. ಕಾಯಿಲೆಯವರಿಗೆ ವಿನಾಯಿತಿ ಉಂಟೆಂದು ಬಸದಿಯ ಹಿರಿಯರೂ ಹೇಳಿದರು. ಆದರೂ ಪ್ರತಿ ರಾತ್ರಿ ಆ ಲೋಟ ಎತ್ತುವಾಗ ಅವಳ ಮುಖ, ಪರರ ಮನೆಯ ಅಟ್ಟಕ್ಕೆ ಕೈ ಹಾಕಿ ಸಿಕ್ಕಿಬಿದ್ದವರ ಹಾಗೆ. ಮಾತ್ರೆ ನುಂಗಿ ಗೋಡೆಯ ಕಡೆ ತಿರುಗಿ ಮಲಗುತ್ತಾಳೆ. ತಮಾಷೆ ಮಾಡಿದರೆ ನಗುವುದಿಲ್ಲ. ನನ್ನ ಉದ್ಯೋಗಕ್ಕೇ ಕುತ್ತು.

ಇಂದು ಚಾತುರ್ಮಾಸ ಶುರು. ಸಂಜೆ ಜಗಲಿಯಲ್ಲಿ ಮಳೆ ನೋಡುತ್ತಾ ಕೇಳಿದಳು:

"ನೀವು ಇದನ್ನೇ ಕಲಿಸುವವರಲ್ವಾ? ನೀವು ಹೇಳಿ. ರಾತ್ರಿಯದ್ದನ್ನು ಸಂಜೆಯದ್ದರ ಒಟ್ಟಿಗೇ ತೆಗೆದುಕೊಂಡರೆ ಎಂತ ಆಗ್ತದೆ?"

"ಡಾಕ್ಟರರಲ್ಲಿ ಕೇಳುವ" ಎಂದೆ.

"ಅವರಿಗೆ ನನ್ನ ನೇಮ ಗೊತ್ತುಂಟಾ? ನಿಮಗೆ ಎರಡೂ ಗೊತ್ತುಂಟು."

ಮೂವತ್ತು ವರ್ಷದಲ್ಲಿ ಈಕೆ ನನ್ನನ್ನು ಒಂದು ವಿಷಯದಲ್ಲಿ ತಿಳಿದವನೆಂದು ಒಪ್ಪಿದ್ದು ಇದೇ ಮೊದಲು. ಕೂಡಲೇ ಜಗಲಿಯಲ್ಲಿ ಏಕಸದಸ್ಯ ಪೀಠ ಸ್ಥಾಪನೆಯಾಯಿತು. ವಾದ ಪ್ರತಿವಾದ ಎರಡನ್ನೂ ನಾನೇ ಮಂಡಿಸಿ, ಗಂಟಲು ಸರಿಪಡಿಸಿಕೊಂಡು ತೀರ್ಪಿತ್ತೆ. ಒಟ್ಟು ಲೆಕ್ಕ ಸರಿ ಇದ್ದರೆ ಆಯಿತು, ಹೊಟ್ಟೆಗೆ ಗಡಿಯಾರ ಇಲ್ಲ. ಎರಡನ್ನೂ ಹೊತ್ತು ಮುಳುಗುವ ಮೊದಲೇ ಸ್ವೀಕರಿಸತಕ್ಕದ್ದು. ಮೇಲ್ಮನವಿಗೆ ಅವಕಾಶವಿಲ್ಲ.

ನಕ್ಕಳು. ಆಪರೇಷನ್ ಆದ ಮೇಲೆ ಹಲ್ಲು ಕಾಣುವಂತೆ ನಕ್ಕದ್ದು ಇವತ್ತೇ. ಎರಡು ಮಾತ್ರೆ ಅಂಗೈಯಲ್ಲಿಟ್ಟುಕೊಂಡು, ಅವುಗಳ ಸುತ್ತ ಗೆರೆ ಕಾಣುತ್ತದೆಯೇ ಎಂದು ನೋಡಿ, ಬಾಯಿಗೆ ಹಾಕಿಕೊಂಡಳು.

ಜುಲೈ 14, ಸೋಮವಾರ

ಕ್ಯಾಂಟೀನಿನಲ್ಲಿ ರವೂಫನಿಗೆ ನನ್ನ ಐತಿಹಾಸಿಕ ತೀರ್ಪನ್ನು ಓದಿ ಹೇಳಿದೆ. ಅವನು ಮೆಚ್ಚಲಿಲ್ಲ. ಉಪವಾಸದ ತಿಂಗಳಲ್ಲಿ ತನ್ನ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಡಾಕ್ಟರರಲ್ಲಿ ಕೇಳದೆ ಅಲುಗಾಡಿಸುವುದಿಲ್ಲವಂತೆ.

"ನೀವು ಕೇಳಿದ್ದೀರಾ ಮಾರಾಯ್ರೆ?"

"ನಾನೇ ಅರ್ಧ ಡಾಕ್ಟರ್ ಅಲ್ವಾ?"

"ಯಾವ ಅರ್ಧ?" ಎಂದು ಕೇಳಿದ.

ಅಷ್ಟರಲ್ಲಿ ಬೋಂಡ ಬಂತು. ಪ್ರಶ್ನೆ ತಣ್ಣಗಾಗಬಹುದು, ಬೋಂಡ ತಣ್ಣಗಾಗಬಾರದು.

ಜುಲೈ 24, ಗುರುವಾರ

ರಕ್ತಪರೀಕ್ಷೆಗೆ ಮಂಗಳೂರಿಗೆ ಹೋಗಿ ಬಂದೆವು. ಕ್ಯಾಲ್ಸಿಯಂ ಅಂಚಿನಲ್ಲಿ ಉಂಟಂತೆ, ಕೆಳಗಿನ ಅಂಚಿನಲ್ಲಿ. ಮಾತ್ರೆ ತಪ್ಪಿಸುತ್ತೀರಾ ಎಂದು ಡಾ. ಹರ್ಷಿತಾ ಕೇಳಿದರು. "ಒಂದೂ ತಪ್ಪಿಸಿಲ್ಲ" ಎಂದಳು ಅನಂತಮತಿ. ನಿಜವೇ. ನಾನೂ ತಲೆಯಾಡಿಸಿದೆ. ಅವರು ರಿಪೋರ್ಟನ್ನು ಇನ್ನೊಮ್ಮೆ ನೋಡಿ ಪ್ರಮಾಣ ಹೆಚ್ಚಿಸಿ ಬರೆದರು. ತಿಂಗಳು ಬಿಟ್ಟು ಮತ್ತೆ ಬರಬೇಕು.

ಈಗ ಸಂಜೆ ಅಂಗೈ ತುಂಬ ಮಾತ್ರೆ. ಮಂಡಕ್ಕಿ ತಿಂದ ಹಾಗೆ ತಿನ್ನಬೇಡ ಎಂದೆ. ಆಷಾಢದ ಮೋಡಕ್ಕೆ ಸೂರ್ಯ ಯಾವಾಗ ಮುಳುಗಿದ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಐದು ಗಂಟೆಗೇ ಗೆರೆ ಮಸುಕು. ಅವಳ ರಾತ್ರಿಗಳು ಉದ್ದವಾಗುತ್ತಿವೆ.

ಆಗಸ್ಟ್ 5, ಮಂಗಳವಾರ

ಇಂದು ನನ್ನ ಬೋಧನಾ ಜೀವನದ ಅತ್ಯುತ್ತಮ ತರಗತಿ. ಬರೆದಿಡದಿದ್ದರೆ ನಷ್ಟ ಜಗತ್ತಿಗೆ.

ಬಿಎಸ್ಸಿ ಎರಡನೆಯ ವರ್ಷ, ಜೀವಕೋಶ ಮತ್ತು ಕ್ಯಾಲ್ಸಿಯಂ. ಹೇಳಿದೆ: ಜೀವಕೋಶ ಎಂದರೆ ಒಂದು ಬಸ್ಸು. ಹೊರಗೆ ಸ್ಟ್ಯಾಂಡಿನಲ್ಲಿ ಹತ್ತು ಸಾವಿರ ಜನ, ಅಂದರೆ ಕ್ಯಾಲ್ಸಿಯಂ. ಬಸ್ಸಿನೊಳಗೆ ಒಬ್ಬನೇ. ನಮ್ಮ ಗುರುವಾಯನಕೆರೆ ಲೈನಿನ ಕಂಡಕ್ಟರ್ ಜನರನ್ನು ಒಳಗೆ ತುರುಕುತ್ತಾನೆ. ಈ ಬಸ್ಸಿನ ಕಂಡಕ್ಟರ್ ಹೊರಗೆ ತಳ್ಳುತ್ತಾನೆ, ಹಗಲೂ ರಾತ್ರಿ, ರಜೆ ಇಲ್ಲದೆ. ಅವನಿಗೆ ಪಂಪ್ ಎಂದು ಹೆಸರು, ಸಂಬಳ ಎಟಿಪಿ ಎಂಬ ಶಕ್ತಿಯ ನಾಣ್ಯದಲ್ಲಿ. ಯಾಕೆ ಇಷ್ಟು ಖಾಲಿ ಇಡಬೇಕು? ಖಾಲಿ ಇದ್ದರೆ ಮಾತ್ರ ಯಾರೋ ಹತ್ತಿದ್ದು ಗೊತ್ತಾಗುತ್ತದೆ. ಹತ್ತಿದ್ದೇ ಸುದ್ದಿ. ಆ ಸುದ್ದಿ ಮುಟ್ಟಿದ ಕೂಡಲೇ ಸ್ನಾಯು ಬಿಗಿಯುತ್ತದೆ. ಹತ್ತಿದವನನ್ನು ಕೂಡಲೇ ಇಳಿಸಬೇಕು, ಇಲ್ಲವೇ ಒಳಗಿನ ಗೋದಾಮಿಗೆ ಹಾಕಿ ಬಾಗಿಲು ಮುಚ್ಚಬೇಕು. ಆಗ ಸ್ನಾಯು ಸಡಿಲ. ಹೊರಗಿನ ಜನ ತೀರ ಕಡಿಮೆಯಾದರೆ ನರಗಳ ಕಾವಲು ತಪ್ಪಿ, ಯಾರೂ ಕರೆಯದೆ ಅವೇ ಕೂಗತೊಡಗುತ್ತವೆ, ಕೈಕಾಲು ಸೆಟೆಯುತ್ತದೆ.

ಕೈಕಾಲಿನ ಸ್ನಾಯು ತನ್ನ ಗೋದಾಮಿನಿಂದಲೇ ಬದುಕಿಕೊಳ್ಳುತ್ತದೆ. ಹೃದಯ ಹಾಗಲ್ಲ. ಅದಕ್ಕೂ ಗೋದಾಮು ಉಂಟು, ಆದರೆ ಬೀಗದ ಕೈ ಹೊರಗೆ. ಒಂದೊಂದು ಬಡಿತಕ್ಕೂ ಹೊರಗಿನಿಂದ ಒಂದು ಚಿಟಿಕೆ ಕ್ಯಾಲ್ಸಿಯಂ ಒಳಗೆ ಬಂದರೆ ಮಾತ್ರ ಬಾಗಿಲು ತೆರೆಯುತ್ತದೆ.

ಮುಂದಿನ ಬೆಂಚಿನ ಫಿದಾ ಎದ್ದು ನಿಂತಳು. ಪ್ರಶ್ನೆ ಕೇಳದೆ ಮನೆಗೆ ಹೋಗದ ಹುಡುಗಿ.

"ಸರ್, ದಿನಕ್ಕೆ ಎಷ್ಟು ಬೇಕು ಅಂತ ಗೊತ್ತುಂಟಲ್ಲ. ಅಷ್ಟನ್ನೂ ಒಂದೇ ಸಲ ಕೊಟ್ಟುಬಿಟ್ಟರೆ ಆಗುವುದಿಲ್ವಾ?"

"ಇಲ್ಲಿ ಒಟ್ಟು ಲೆಕ್ಕಕ್ಕೆ ಬೆಲೆ ಇಲ್ಲಮ್ಮ" ಎಂದೆ. "ಎಷ್ಟು ಎಂಬುದಲ್ಲ, ಯಾವಾಗ ಎಂಬುದು. ಒಂದು ತಿಂಗಳ ಗೋಳಿಬಜೆಯನ್ನು ಒಂದೇ ಸಂಜೆ ತಿಂದರೆ ಉಳಿದ ದಿನ ಹಸಿವಾಗುವುದಿಲ್ಲವಾ?"

ತರಗತಿ ನಕ್ಕಿತು. ವಾಕ್ಯ ನನಗೇ ಇಷ್ಟವಾಗಿ, ಬರೆದುಕೊಳ್ಳಿ ಎಂದೆ. ಬರೆದುಕೊಂಡರು.

ಮನೆಗೆ ಬಂದು ಅನಂತಮತಿಗೂ ಅಭಿನಯಪೂರ್ವಕ ಹೇಳಿದೆ. ಸಂಜೆಯ ಮಾತ್ರೆಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಕೇಳಿದಳು. "ಒಳ್ಳೆ ಕಲಿಸ್ತೀರಿ" ಎಂದು ಹೇಳಿ ಎಲ್ಲವನ್ನೂ ಒಟ್ಟಿಗೆ ನುಂಗಿ ನೀರು ಕುಡಿದಳು. ಸಂತೋಷದಲ್ಲಿ ನನಗೆ ವಾರ್ತೆಯ ಮೊದಲೇ ಹಸಿವಾಯಿತು.

ಆಗಸ್ಟ್ 18, ಸೋಮವಾರ

ತುಟಿಯ ಸುತ್ತ ಇರುವೆ ಹರಿದ ಹಾಗೆ ಆಗುತ್ತದಂತೆ, ಬೆಳಗಿನ ಹೊತ್ತು. ಸಿಹಿ ಮಾತು ಆಡಿದರೆ ಇರುವೆ ಬರುವುದು ಸಹಜ ಎಂದೆ. ನಕ್ಕಳು, ಅರ್ಧಕ್ಕೇ ನಿಲ್ಲಿಸಿದಳು. ಉಸಿರು ಸಾಲಲಿಲ್ಲ.

ಮಂಗಳೂರಿಗೆ ಹೋಗುವ ದಿನ ಹತ್ತಿರ ಬಂತು ಎಂದೆ. ದಶಲಕ್ಷಣ ಪರ್ವ ಮುಗಿಯಲಿ ಎಂದಳು. ನನಗೂ ಕಾಲೇಜಿನಲ್ಲಿ ಕಿರುಪರೀಕ್ಷೆ. ಆಗಲಿ ಎಂದೆ.

ಆಗಸ್ಟ್ 27, ಬುಧವಾರ

ಚೌತಿಯ ರಜೆ. ನಾಳೆಯಿಂದ ದಶಲಕ್ಷಣ ಪರ್ವ. ಅನಂತಮತಿ ಪ್ರತಿ ವರ್ಷ ಹತ್ತೂ ದಿನ ಏಕಾಸನ ಮಾಡುವವಳು. ಎಂದರೆ ದಿನಕ್ಕೆ ಒಂದೇ ಸಲ ಕುಳಿತು ಊಟ, ಆಗಲೇ ನೀರು, ಎದ್ದ ಮೇಲೆ ಮರುದಿನದವರೆಗೆ ಏನೂ ಇಲ್ಲ. ಈ ವರ್ಷ ಬೇಡ ಎಂದೆ. ಸಾಧನಾಳೂ ಫೋನಿನಲ್ಲಿ ಬೇಡ ಎಂದಳು. ನಮ್ಮ ಮಗಳಿಗೆ ಬಿ.ಸಿ.ರೋಡಿನ ಸೊಸೈಟಿ ಬ್ಯಾಂಕಿನಲ್ಲಿ ಕೆಲಸ, ಅಲ್ಲೇ ಬಂಟ್ವಾಳದಲ್ಲಿ ಸಂಸಾರ. ಗದರಿಸುವುದನ್ನು ತಾಯಿಯಿಂದಲೇ ಕಲಿತದ್ದು.

ಅನಂತಮತಿ ಜಗಳ ಮಾಡಲಿಲ್ಲ. ಮೆಲ್ಲಗೆ ಹೇಳಿದಳು:

"ಊಟದ ಹೊತ್ತಿಗೆ ಎಲ್ಲ ಮಾತ್ರೆ ಒಟ್ಟಿಗೆ ತೆಗೆದುಕೊಳ್ತೇನೆ. ಒಟ್ಟು ಲೆಕ್ಕ ಸರಿ ಇದ್ದರೆ ಆಯಿತು ಅಂತ ನೀವೇ ಹೇಳಿದ್ದಲ್ವಾ?"

ನನ್ನ ತೀರ್ಪನ್ನು ನನ್ನ ಮುಂದೆಯೇ ಉಲ್ಲೇಖಿಸಿದಳು. ಯಾವ ವಿದ್ಯಾರ್ಥಿಯೂ ಇಷ್ಟು ನೆನಪಿಟ್ಟುಕೊಂಡದ್ದಿಲ್ಲ. ಮೇಲ್ಮನವಿಗೆ ಅವಕಾಶವಿಲ್ಲವೆಂದೂ ನಾನೇ ಹೇಳಿದ್ದೆ.

ಅವಳ ಮುಖದಲ್ಲಿ ಆ ಹಳೆಯ ಬೆಳಕು ಬಂದದ್ದನ್ನು ನೋಡಿ ಸುಮ್ಮನಾದೆ.

ಸೆಪ್ಟೆಂಬರ್ 2, ಮಂಗಳವಾರ

ಬಸದಿಯ ಮೆಟ್ಟಿಲಲ್ಲಿ ನಡುವೆ ನಿಂತಳು. ಕಂಬದ ಕೆತ್ತನೆ ನೋಡುತ್ತಿದ್ದೇನೆ ಎಂದಳು. ಮದುವೆಯಾಗಿ ಬಂದಾಗಿನಿಂದ ನೋಡಿದ ಕಂಬ.

ಕಾಲು ಸ್ವಲ್ಪ ಬಾತಿದೆ. ನಿಂತು ನಿಂತು ಇರಬೇಕು.

ಸೆಪ್ಟೆಂಬರ್ 6, ಶನಿವಾರ

ಅನಂತ ಚತುರ್ದಶಿ. ಅಭಿಷೇಕದ ಹೊತ್ತು. ಹೆಂಗಸರ ಸಾಲಿನಲ್ಲಿ ಒಂದು ಪಾತ್ರೆ ಬಿದ್ದ ಸದ್ದು. ಅಕ್ಕಿ ಚೆಲ್ಲಿತ್ತು. ಅದರ ನಡುವೆ ಮತಿ ಬಿದ್ದಿದ್ದಳು. ಮೈಯೆಲ್ಲ ಸೆಟೆದು ಅದುರುತ್ತಿತ್ತು. ಎರಡೂ ಕೈ ಅಕ್ಷತೆ ಹಿಡಿದ ಹಾಗೆ. ಮುಷ್ಟಿಯಲ್ಲಿ ಅಕ್ಕಿ ಇನ್ನೂ ಇತ್ತು.

ಇಲ್ಲಿಯ ಆಸ್ಪತ್ರೆ. ಅಲ್ಲಿಂದ ಮಂಗಳೂರು. ಆಂಬುಲೆನ್ಸಿನ ಹಿಂದೆ ರವೂಫ್ ಕಾರಿನಲ್ಲಿ ಬಂದ. ದಾರಿಯಲ್ಲಿ ಅವಳ ಬೆರಳು ಬಿಡಿಸಲು ನೋಡಿದೆ.

ಸೆಪ್ಟೆಂಬರ್ 7, ಭಾನುವಾರ

ಬೆಳಿಗ್ಗೆ ಎಚ್ಚರವಾಯಿತು. ನನ್ನನ್ನು ಗುರುತಿಸಿದಳು. ಸಾಧನಾಳನ್ನು ಗುರುತಿಸಿ, ಬ್ಯಾಂಕಿಗೆ ರಜೆ ಹಾಕಿದ್ದೀಯಾ ಎಂದು ಕೇಳಿದಳು. ಭಾನುವಾರ ಅಮ್ಮ ಎಂದಳು ಸಾಧನಾ.

ಕೈಗೆ ಕ್ಯಾಲ್ಸಿಯಂ ಹನಿಯುತ್ತಿದೆ. ಬೆರಳು ಸಡಿಲಾಗಿವೆ. ಹೃದಯದ್ದೇ ತೊಂದರೆ ಎಂದರು ಡಾ. ಹರ್ಷಿತಾ. ವಾರಗಟ್ಟಲೆ ಕ್ಯಾಲ್ಸಿಯಂ ಸಾಲದೆ ಅದರ ಸ್ನಾಯು ಸೋತಿದೆ, ಹಿಂಡುವುದಿಲ್ಲ, ಲಯವೂ ತಪ್ಪುತ್ತಿದೆ. ಚೇತರಿಸಿಕೊಳ್ಳುವವರಿದ್ದಾರೆ, ಈಗಲೇ ಏನೂ ಹೇಳಲಿಕ್ಕಾಗದು ಎಂದರು. ಆಮೇಲೆ ಮಾತ್ರೆಯನ್ನು ಹೇಗೆ ತೆಗೆದುಕೊಳ್ಳುತ್ತಿದ್ದರು ಎಂದು ಕೇಳಿದರು. ರಾತ್ರಿಯದ್ದನ್ನೂ ಸಂಜೆಯೇ ಒಟ್ಟಿಗೆ, ಈ ಹತ್ತು ದಿನ ಮಧ್ಯಾಹ್ನವೇ ಎಲ್ಲ ಎಂದೆ. ಅವರು ಪೆನ್ನು ಕೆಳಗಿಟ್ಟರು. ಒಂದು ಸಲಕ್ಕೆ ಕರುಳು ಹೀರಿಕೊಳ್ಳುವುದು ಸ್ವಲ್ಪವೇ, ಉಳಿದದ್ದು ಹಾಗೇ ಹೋಗುತ್ತದೆ. ರಾತ್ರಿಯಿಡೀ ರಕ್ತಕ್ಕೆ ಬರಬೇಕಾದದ್ದು ಬಂದೇ ಇಲ್ಲ. ನೇಮದ ವಿಷಯ ಹೇಳಿದ್ದರೆ ಬೇರೆ ದಾರಿ ಹುಡುಕಬಹುದಿತ್ತು. ಒಂದು ಫೋನ್ ಸಾಕಿತ್ತು ಎಂದರು.

"ಹೀಗೆ ತೆಗೆದುಕೊಳ್ಳಿ ಅಂತ ಯಾರು ಹೇಳಿದ್ದು?"

ನಾನು ಬಾಯಿ ತೆರೆಯುವ ಮೊದಲೇ ಹಾಸಿಗೆಯಿಂದ ಮತಿ ಹೇಳಿದಳು:

"ನಾನೇ ಮಾಡಿದ್ದು ಡಾಕ್ಟ್ರೇ. ಇವರು ಹೇಳಿದ್ದಲ್ಲ."

ನಾನು ಬಾಯಿ ಮುಚ್ಚಿದೆ.

ಆ ಕೋಣೆಗೆ ಕಿಟಕಿ ಇಲ್ಲ. ಸಂಜೆ ನರ್ಸ್ ಮಾತ್ರೆಯನ್ನೂ ಒಂದು ಲೋಟ ನೀರನ್ನೂ ತಂದಳು. ಹನಿಯುವುದರ ಒಟ್ಟಿಗೆ ಬಾಯಿಂದಲೂ ಹೋಗಬೇಕಂತೆ. ಮತಿ ಸೂಜಿ ಚುಚ್ಚಿದ ಕೈಯನ್ನೇ ತಿರುಗಿಸಿ ಅಂಗೈ ನೋಡಿದಳು. ಟ್ಯೂಬ್‌ಲೈಟಿನಲ್ಲಿ ಗೆರೆಗಳೆಲ್ಲ ಎದ್ದು ಕಾಣುತ್ತಿದ್ದವು.

"ಇದು ಲೆಕ್ಕಕ್ಕಿಲ್ಲ" ಎಂದಳು. "ಹೊತ್ತು ಮುಳುಗಿತಾ?"

"ಇಲ್ಲ. ಇನ್ನೂ ಉಂಟು. ಹೊರಗೆ ನೋಡಿಯೇ ಬಂದೆ."

ನನ್ನ ಮುಖ ನೋಡಿದಳು.

"ನಿಮಗೆ ಸುಳ್ಳು ಹೇಳಲಿಕ್ಕೂ ಬರುವುದಿಲ್ಲ" ಎಂದಳು. ಮತ್ತೆ ಮಾತ್ರೆಗೆ ಬಾಯಿ ತೆರೆದಳು.

ಸೆಪ್ಟೆಂಬರ್ 8, ಸೋಮವಾರ

ಮತಿ ಹೋದಳು. ಹೊರಗೆ ಇನ್ನೂ ಬೆಳಕಾಗಿರಲಿಲ್ಲ.

ಸೆಪ್ಟೆಂಬರ್ 12, ಶುಕ್ರವಾರ

ಅಂದಿನದನ್ನು ಬರೆದಿರಲಿಲ್ಲ.

ಮನೆಗೆ ತಂದು ಮಲಗಿಸಿದಾಗ ಮಧ್ಯಾಹ್ನ ಹತ್ತಿರವಾಗಿತ್ತು. ಹೊತ್ತು ಮುಳುಗುವುದರೊಳಗೆ ಎಲ್ಲ ಮುಗಿಯಬೇಕೆಂದು ಹಿರಿಯರು ಅವಸರ ಮಾಡುತ್ತಿದ್ದರು. ಸಾಧನಾ ಅಮ್ಮನ ಕೈ ಜೋಡಿಸಲು ಹೋದಳು. ಬಾಗಲಿಲ್ಲ. ನನ್ನ ಕಡೆ ನೋಡಿದಳು. ಆಸ್ಪತ್ರೆಯ ತಂಪಿಗೆ ಹಾಗಾಗಿದೆ ಎಂದು ಯಾರೋ ಹೆಂಗಸು ಹೇಳಿದರು.

ತಂಪಿಗಲ್ಲ. ತಳ್ಳುವ ಕಂಡಕ್ಟರ್ ಇಲ್ಲ. ಇಷ್ಟು ವರ್ಷ ಹೊರಗೆ ನಿಲ್ಲಿಸಿದ್ದವರೆಲ್ಲ ಈಗ ಎಲ್ಲ ಬಾಗಿಲಿನಿಂದ ಒಳಗೆ ಬರುತ್ತಾರೆ. ಗೋದಾಮಿನ ಬಾಗಿಲೂ ಮುಚ್ಚುವುದಿಲ್ಲ. ಪ್ರತಿಯೊಂದು ಸ್ನಾಯುವಿಗೂ ಬಿಗಿ ಎಂಬ ಸುದ್ದಿ ಮುಟ್ಟುತ್ತದೆ, ಸಡಿಲು ಎಂದು ಹೇಳಲು ಯಾರೂ ಉಳಿದಿರುವುದಿಲ್ಲ. ಸಾಲದೆ ಹೋದದ್ದು ಈಗ ಬೇಕಾದಷ್ಟು.

ಬಹಳ ಸಲ ಪಾಠ ಮಾಡಿದ್ದೇನೆ. ಈ ಭಾಗಕ್ಕೆ ಒಂದು ತಮಾಷೆಯೂ ಇತ್ತು. ನೆನಪಾಗುವುದಿಲ್ಲ.

ಬಲಗೈ ಈ ಸಲ ಅಕ್ಷತೆ ಹಿಡಿದ ಹಾಗೆ ಇರಲಿಲ್ಲ. ಅರ್ಧ ತೆರೆದಿತ್ತು. ಸಾಧನಾಳಿಗೆ ಹಾಗೆಯೇ ಬಿಡು ಮಗಾ ಎಂದೆ.

ಸೆಪ್ಟೆಂಬರ್ 23, ಮಂಗಳವಾರ

ಕಾಲೇಜಿಗೆ ಹೋದೆ. ಕಿರುಪರೀಕ್ಷೆಯ ಉತ್ತರಪತ್ರಿಕೆಗಳು ಮೇಜಿನ ಮೇಲೆ ಕಾದಿದ್ದವು. ಫಿದಾ ಹೃದಯದ ಸ್ನಾಯುವಿನ ಬಗ್ಗೆ ಎರಡು ಪುಟ ಬರೆದಿದ್ದಾಳೆ. ಕೊನೆಯಲ್ಲಿ, ಒಟ್ಟು ಲೆಕ್ಕಕ್ಕೆ ಬೆಲೆ ಇಲ್ಲ, ಎಷ್ಟು ಎಂಬುದಲ್ಲ ಯಾವಾಗ ಎಂಬುದು ಎಂದು ಬರೆದು ಅಡಿಗೆರೆ ಎಳೆದಿದ್ದಾಳೆ. ಪೂರ್ತಿ ಅಂಕ ಕೊಟ್ಟೆ. ಬೇರೆ ಎಂತ ಕೊಡಲಿ.

ಸಂಜೆ ಸಾಧನಾ ಬಂದಿದ್ದಳು. ಡಾಕ್ಟರರ ಮುಂದೆ ಅಮ್ಮ ಹೇಳಿದ್ದು ನಿಜವಲ್ಲ, ಹಾಗೆ ತೆಗೆದುಕೋ ಎಂದದ್ದು ನಾನು ಎಂದೆ. ಅವಳು ಪಾತ್ರೆ ಒರೆಸುತ್ತಿದ್ದಳು. ಒರೆಸಿದ ಪಾತ್ರೆಯನ್ನೇ ಮತ್ತೆ ಒರೆಸಿದಳು.

"ನೀವು ಡಾಕ್ಟರಾ ಅಪ್ಪ?" ಎಂದಳು.

ಇಲ್ಲ ಎಂದೆ.

ಐದೂವರೆಯ ಬಸ್ಸಿಗೆ ಹೊರಟಳು. ಹೋಗುವಾಗ ಮಾತಾಡಲಿಲ್ಲ. ಗೇಟಿನ ತನಕ ಹೋಗಿ ವಾಪಸು ಬಂದು, ಒಲೆಯ ಮೇಲೆ ಸಾರು ಉಂಟು, ಬಿಸಿ ಇರುವಾಗ ಊಟ ಮಾಡಿ ಎಂದಳು. ಅವಳ ಮಾತು ಮೀರುವುದು ಬೇಡವೆಂದು ಆಗಲೇ ಉಂಡೆ. ವಾರ್ತೆ ನೋಡಲಿಲ್ಲ. ಅದರಲ್ಲಿ ಈಗ ಎಂತದೂ ಇರುವುದಿಲ್ಲ.

ಅಕ್ಟೋಬರ್ 8, ಬುಧವಾರ

ಬೆಳಿಗ್ಗೆ ಒಂದು ತಮಾಷೆ ಹೊಳೆಯಿತು. ಅಡುಗೆಮನೆಯ ತನಕ ಹೋದೆ ಹೇಳಲಿಕ್ಕೆ.

ಸಂಜೆ ಮೀಟಿಂಗ್ ಮುಗಿದಾಗ ದೀಪ ಹಾಕಿದ್ದರು. ರವೂಫ್ ಬಲವಂತ ಮಾಡಿ ಕ್ಯಾಂಟೀನಿಗೆ ಕರೆದೊಯ್ದು ಬಟಾಟೆ ಬೋಂಡ ತರಿಸಿದ. ಬೇಡ ಎಂದೆ. ಇವರು ಎಣ್ಣೆ ಬದಲಿಸುವುದಿಲ್ಲ ಎಂದೆ.

"ಮೂವತ್ತು ವರ್ಷದಿಂದ ಬದಲಿಸಿಲ್ಲ. ನಿಮಗೆ ಇವತ್ತು ಗೊತ್ತಾಯ್ತಾ ಮಾರಾಯ್ರೆ?"

ಚಹಾ ಆದರೂ ಕುಡಿಯಿರಿ ಎಂದ. ನಿದ್ದೆ ಬರುವುದಿಲ್ಲ ಎಂದೆ. ನೀರು ಎಂದ. ಬಾಯಾರಿಕೆ ಇರಲಿಲ್ಲ. ಅವನು ನನ್ನನ್ನು ಒಂದು ತರಹ ನೋಡಿ, ಎರಡೂ ಬೋಂಡವನ್ನು ತಾನೇ ತಿಂದ. ಸಕ್ಕರೆ ಕಾಯಿಲೆಯವನು. ಅವನ ಹೆಂಡತಿಗೆ ಹೇಳಬೇಕು.

ಅಕ್ಟೋಬರ್ 17, ಶುಕ್ರವಾರ

ಮಧ್ಯಾಹ್ನ ಸಾಧನಾ ಬಂದು ಗಂಜಿಯೂ ತೊಂಡೆಕಾಯಿ ಪಲ್ಯವೂ ಮಾಡಿಟ್ಟು ಹೋಗಿದ್ದಳು. ಈ ಸಲ ಹೋಗುವಾಗ, ಬರ್ತೇನೆ ಅಪ್ಪ ಎಂದಳು.

ತರಗತಿ ತಡವಾಗಿ ಬಿಟ್ಟಿತು. ಹೃದಯದ ಸ್ನಾಯು ಈ ವರ್ಷದ ಪಾಠದಲ್ಲಿ ಮುಗಿದಿದೆ, ಈಗ ಮೀನಿನ ಕಿವಿರು. ಮೀನಿನಲ್ಲಿ ನನಗೇನೂ ತೊಂದರೆ ಇಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಹಿಂದೆ ಹೋಗಿ ಹಿಂದೆ ಹೋಗಿ ಎಂದು ಎಲ್ಲರನ್ನೂ ಒಳಗೆ ತಳ್ಳಿದ. ನಾನೂ ಒಳಗೆ ಹೋದೆ.

ಮನೆಗೆ ಬಂದವನೇ ಬಟ್ಟಲಿಗೆ ಗಂಜಿ ಬಡಿಸಿಕೊಂಡು ಜಗಲಿಗೆ ಬಂದೆ. ಮಳೆ ಇರಲಿಲ್ಲ, ಮೋಡ ಇತ್ತು. ಹಸಿವಾಗಿತ್ತು. ಬಟ್ಟಲನ್ನು ಪಕ್ಕದಲ್ಲಿಟ್ಟು ಯಾಕೋ ಬಲಗೈ ಚಾಚಿ ನೋಡಿದೆ. ಹತ್ತಿರ ತಂದು ನೋಡಿದೆ, ದೂರ ಹಿಡಿದು ನೋಡಿದೆ. ಗೆರೆ ಕಾಣಲಿಲ್ಲ.

ಕನ್ನಡಕ ಬದಲಿಸಬೇಕು. ನಂಬರು ಏರಿರಬೇಕು.

ಗಂಜಿಯನ್ನು ಮುಚ್ಚಿಟ್ಟು ಒಳಗೆ ಬಂದೆ.